ರಂಗಭೂಮಿಗೂ ಪಾಲಿಕೆ ಬಜೆಟ್‌ನಲ್ಲಿ ಒಂದು ಸಾಲು ಬರೀರಿ

ಮಾನ್ಯ ಸಂಪಾದಕರಿಗೆ ಬಳ್ಳಾರಿ ಕೌಲ್ ಬಜಾರಿನಿಂದ ನಮಸ್ಕಾರಗಳು.

ನಮ್ಮ ತಂಡದಲ್ಲಿ ದುರ್ಯೋಧನನ ಪಾತ್ರ ಮಾಡೋ ಹುಡುಗ ಜೀನ್ಸ್ ಹೊಲೀತಾನೆ. ಪೀಸ್ ಲೆಕ್ಕದ ಕೆಲಸ, ಹೊಲಿದಷ್ಟು ದುಡ್ಡು, ಬೆಳಿಗ್ಗೆ ಒಂಬತ್ತಕ್ಕೆ ಮಷಿನ್ ಮುಂದೆ ಕೂತ್ರೆ ರಾತ್ರಿ ಎಂಟಕ್ಕೆ ಎದ್ದು ಸೀದಾ ತಾಲೀಮಿಗೆ ಬರ್ತಾನೆ. ಗದೆ ಹಿಡಿದ್ರೆ ಬೆರಳ ತುದಿ ಎಲ್ಲಾ ನೀಲಿ, ಎಷ್ಟು ಸೋಪು ಹಚ್ಚಿ ತಿಕ್ಕಿದ್ರೂ ಹೋಗಲ್ಲ. ನಾಟಕದ ದಿನ ಮೇಕಪ್ ಮಾಸ್ತರು ಎಲ್ಲರಿಗೂ ಮುಖದಿಂದ ಶುರು ಮಾಡಿದ್ರೆ ಅವನಿಗೆ ಮಾತ್ರ ಮೊದಲು ಕೈಗೆ ಬಣ್ಣ ಹಚ್ತಾರೆ, ಯಾಕಂದ್ರೆ ಸ್ಟೇಜ್ ಲೈಟಿಗೆ ಆ ನೀಲಿ ಎದ್ದು ಕಾಣ್ತೈತೆ. ಕಂಠ ಅಂದ್ರೆ ಕಂಠ, ಹಾರ್ಮೋನಿಯಂನ ಕಪ್ಪು ಎರಡರ ಶ್ರುತೀಲಿ ಪದ್ಯ ಎತ್ತಿದ ಅಂದ್ರೆ ಮೈಕ್ ಕೈಕೊಟ್ರೂ ಹಿಂದಿನ ಸಾಲಿನವ್ರಿಗೆ ಅಕ್ಷರ ಅಕ್ಷರ ಕೇಳಿಸ್ತೈತೆ. ಬೆಳಗಾನ ನಾಟಕ ಇದ್ದಾಗ ಆ ದಿನದ ಕೂಲಿ ಹೋಗ್ತೈತೆ, ಮಾರನೇ ದಿನ ನಿದ್ದೆಗಣ್ಣಲ್ಲಿ ಮಷಿನ್ ಮುಂದೆ ಕೂರಂಗಿಲ್ಲ, ಸೂಜಿ ಬೆರಳಿಗೆ ಹೊಕ್ಕೀತು, ಹಂಗಾಗಿ ಎರಡು ದಿನದ ಕೂಲಿ ಲಾಸು. ಹೋದ ಸಲ ನಾವು ಅವನಿಗೆ ಕೊಡೋಕೆ ಆಗಿದ್ದು ಒಂದು ಶಾಲು, ಒಂದು ಹಾರ, ಆಟೋ ಚಾರ್ಜು.

ನಾನು ಅದೇ ತಂಡದಲ್ಲಿ ಹಾರ್ಮೋನಿಯಂ ನುಡಿಸೋವ್ನು, ಹೈಸ್ಕೂಲಲ್ಲಿ ಗುಮಾಸ್ತನಾಗಿದ್ದು ರಿಟೈರ್ ಆಗಿದೀನಿ, ನಾಟಕದ ಗೀಳು ಹತ್ತಿ ನಲವತ್ತು ವರ್ಷದ ಮೇಲಾಯ್ತು. ಈಗ ಈ ಪತ್ರ ಯಾಕೆ ಅಂದ್ರೆ ಬಜೆಟ್‌ಗೆ ಮುಂಚೆ ಪಾಲಿಕೆಯವ್ರು ಸಾರ್ವಜನಿಕರ ಸಲಹೆ ಕೇಳ್ತಾರೆ, ಆ ಸಭೇಲಿ ರಸ್ತೆ, ಚರಂಡಿ, ಬೀದಿದೀಪ, ನಾಯಿ ಕಾಟ ಇವೇ ಮಾತು ಬರ್ತಾವೆ, ಬರ್ಬೇಕು ಕೂಡ. ನಾಟಕ, ಬಯಲಾಟ, ತೊಗಲು ಗೊಂಬೆ, ಹಾಡಿಕೆ, ಚಿತ್ರಕಲೆ ಬಗ್ಗೆ ಒಬ್ರೂ ಎದ್ದು ಮಾತಾಡಲ್ಲ. ನಾವು ಕಲಾವಿದರೇ ಮಾತಾಡಿಲ್ಲ ಅಂದ ಮೇಲೆ ಬೇರೆಯವ್ರಿಗೆ ಏನು ಹೇಳೋದು.

ಮನೆ ಕಂದಾಯ ಕಟ್ಟಿದ ಚಲನ್‌ನ ಯಾರೂ ಓದಲ್ಲ, ಮಡಚಿ ಬೀರುವಲ್ಲಿ ಇಡ್ತೀವಿ. ಒಂದ್ಸಲ ತೆಗೆದು ಓದ್ರಿ. ಆಸ್ತಿ ತೆರಿಗೆ ಜೊತೆಗೆ ಆರೋಗ್ಯ ಕರ ನೂರಕ್ಕೆ 15, ಗ್ರಂಥಾಲಯ ಕರ ನೂರಕ್ಕೆ 6, ಭಿಕ್ಷುಕರ ಕರ ನೂರಕ್ಕೆ 3 ಅಂತ ನಾವೆಲ್ಲ ಕಟ್ತಾನೇ ಬಂದಿದೀವಿ. ಅದರಲ್ಲಿ ಗ್ರಂಥಾಲಯದ್ದು 1965ರ ಕಾಯ್ದೆಯಿಂದ ಬಂದಿದ್ದು, ಅವತ್ತು ಯಾರೋ ಪುಣ್ಯಾತ್ಮರು ಕೂತು ಊರಿಗೆ ಪುಸ್ತಕ ಬೇಕು, ಅದಕ್ಕೆ ದುಡ್ಡು ಯಾರ ಮರ್ಜಿ ಮೇಲೂ ನಿಲ್ಲಬಾರದು ಅಂತ ಯೋಚನೆ ಮಾಡಿ ಕಾನೂನಲ್ಲೇ ಬರೆದ್ರು. ಪಾಲಿಕೆ ಖರ್ಚಿನ ಕಡೆ ನೋಡಿದ್ರೂ ಹಂಗೇ, ಪರಿಶಿಷ್ಟ ಜಾತಿ ಪಂಗಡದವ್ರ ಕಲ್ಯಾಣಕ್ಕೆ ಶೇ 24.10, ಇತರೆ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಅಂತ ತೆಗೆದಿಡೋ ನಿಯಮ ಐತೆ. ಆ ದುಡ್ಡು ಸರಿಯಾಗಿ ಖರ್ಚಾಗ್ತೈತಾ ಇಲ್ವಾ ಅನ್ನೋದು ಬೇರೆ ಜಗಳ, ಆದ್ರೆ ಆ ಜಗಳ ಆಡೋಕೆ ಒಂದು ಆಧಾರ ಐತಲ್ಲ, ಇಷ್ಟು ಪರ್ಸೆಂಟ್ ಇಡಬೇಕಿತ್ತು ಯಾಕೆ ಇಟ್ಟಿಲ್ಲ ಅಂತ ಯಾರು ಬೇಕಾದ್ರೂ ಕೇಳಬಹುದು. ನಾಟಕದವ್ರು ಏನಂತ ಕೇಳೋದು? ಸಾಹೇಬ್ರೇ ಸ್ವಲ್ಪ ಸಹಾಯ ಮಾಡ್ರಿ ಅಂತ ಕೈ ಮುಗೀಬೇಕು, ಅಷ್ಟೇ.

ಪಾಲಿಕೆಗೂ ಕಲೆಗೂ ಏನು ಸಂಬಂಧ, ಅದು ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕೆಲಸ ಅಂತ ಬಹಳ ಜನ ಹೇಳ್ತಾರೆ. ಹಂಗೇನಿಲ್ಲ. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತಲ್ಲ, ಅದರ ಜೊತೆ ಬಂದ 12ನೇ ಅನುಸೂಚಿಯಲ್ಲಿ ನಗರ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯ ಪಟ್ಟಿ ಮಾಡ್ಯಾರೆ, 13ನೇದು ಸಾಂಸ್ಕೃತಿಕ, ಶೈಕ್ಷಣಿಕ, ಸೌಂದರ್ಯಾತ್ಮಕ ವಿಷಯಗಳ ಪ್ರೋತ್ಸಾಹ. ರಸ್ತೆ, ನೀರು, ಸ್ಮಶಾನ, ಕಸಾಯಿಖಾನೆ ಇರೋ ಅದೇ ಪಟ್ಟೀಲಿ ಐತೆ ಇದು. ಆದ್ರೆ ಪಾಲಿಕೇಲಿ ಸ್ಥಾಯಿ ಸಮಿತಿ ನಾಲ್ಕು, ತೆರಿಗೆ ಹಣಕಾಸಿಗೆ ಒಂದು, ಆರೋಗ್ಯ ಶಿಕ್ಷಣಕ್ಕೆ ಒಂದು, ನಗರ ಯೋಜನೆಗೆ ಒಂದು, ಲೆಕ್ಕಪತ್ರಕ್ಕೆ ಒಂದು. ಸಂಸ್ಕೃತಿ ಅನ್ನೋದು ಯಾವ ಸಮಿತಿ ಮುಂದೆ ಹೋಗ್ಬೇಕು ಅನ್ನೋದೇ ಗೊತ್ತಾಗಲ್ಲ, ಅರ್ಜಿ ಹಿಡ್ಕೊಂಡು ಹೋದವ್ನು ಈ ಟೇಬಲ್‌ನಿಂದ ಆ ಟೇಬಲ್‌ಗೆ ತಿರುಗ್ತಾನೆ.

ತಿರುಗಿದ್ದು ಸ್ವಂತ ಅನುಭವ. ಕೆಲವು ವರ್ಷದ ಹಿಂದೆ ಒಂದು ಕಚೇರಿಯವ್ರು, ಯಾವುದು ಅಂತ ಬರೆಯಲ್ಲ, ಒಂದು ಕಾರ್ಯಕ್ರಮಕ್ಕೆ ನಮ್ಮ ತಂಡದ ನಾಟಕ ಬೇಕು ಅಂತ ಕರೆದ್ರು. ಹತ್ತು ದಿನ ಮುಂಚೆ ಹೇಳಿದ್ರು, ನಾವು ಖುಷಿಯಿಂದ ಒಪ್ಪಿದ್ವಿ. ಸೀನ್ಸು, ಡ್ರೆಸ್ಸು, ಮೇಕಪ್ಪು ಎಲ್ಲಾ ಬಾಡಿಗೆ ತಂದಿದ್ದು, ಅವ್ರಿಗೆ ನಾಟಕ ಮುಗಿದ ರಾತ್ರೀನೇ ಕೊಡಬೇಕು, ಕೊಡ್ಲಿಲ್ಲ ಅಂದ್ರೆ ಪೆಟ್ಟಿಗೆ ಎತ್ತಲ್ಲ ಅಂತಾರೆ, ಅದು ಅವ್ರ ಹೊಟ್ಟೆಪಾಡು. ಸ್ತ್ರೀ ಪಾತ್ರಕ್ಕೆ ಬಂದ ಅಕ್ಕಂದಿರು ಇಬ್ರು, ಬೇರೆ ಊರಿಂದ ಬಂದವ್ರು, ಬೆಳಿಗ್ಗೆ ಬಸ್ ಹತ್ತಬೇಕು, ಅವ್ರಿಗೂ ಅವತ್ತೇ ಕೊಡಬೇಕು. ಕಚೇರಿಯ ದುಡ್ಡು ಬಂದಿದ್ದು ಹದಿನಾಲ್ಕು ತಿಂಗಳ ಮೇಲೆ. ಅಷ್ಟರೊಳಗೆ ಮೂರು ಕೊಟೇಶನ್ ತನ್ನಿ ಅಂದ್ರು, ಜಿಎಸ್‌ಟಿ ಬಿಲ್ ತನ್ನಿ ಅಂದ್ರು, ತಬಲ ನುಡಿಸೋ ಮಾಸ್ತರ ಹತ್ರ ಜಿಎಸ್‌ಟಿ ನಂಬರ್ ಎಲ್ಲಿಂದ ಬರ್ಬೇಕು ನೀವೇ ಹೇಳ್ರಿ. ನಾಟಕದ ಫೋಟೋದಲ್ಲಿ ಹಿಂದಿನ ಬ್ಯಾನರ್ ಕಾಣ್ತಿಲ್ಲ ಅಂತ ಒಂದ್ಸಲ ಫೈಲ್ ವಾಪಸ್ ಬಂತು. ಆ ಹದಿನಾಲ್ಕು ತಿಂಗಳು ನಮ್ಮ ಮೇಕಪ್ ಮಾಸ್ತರು ಹೆಂಡತಿ ಓಲೆ ಅಡ ಇಟ್ಟು ಬಡ್ಡಿ ಕಟ್ಟಿದ್ರು, ಯಾಕಂದ್ರೆ ಆ ರಾತ್ರಿ ಡ್ರೆಸ್ಸಿನವ್ರಿಗೆ ಜೇಬಿಂದ ತೆಗೆದು ಕೊಟ್ಟಿದ್ದು ಅವ್ರೇ. ಅಲ್ಲಿ ಕೂತಿದ್ದ ನೌಕರರು ಕೆಟ್ಟವ್ರಲ್ಲ, ಒಬ್ರು ಪಾಪ ತಾವೇ ಫೋನ್ ಮಾಡಿ ಯಾವ ಪೇಪರ್ ಕಮ್ಮಿ ಅಂತ ಹೇಳ್ತಿದ್ರು. ಕಲಾವಿದರಿಗೆ ಮುಂಗಡ ಕೊಡೋಕೆ ಅವ್ರ ರೂಲ್‌ನಲ್ಲಿ ಜಾಗ ಇರ್ಲಿಲ್ಲ, ತೊಂದರೆ ಇದ್ದಿದ್ದೇ ಅಲ್ಲಿ.

ಹಂಗಾದ್ರೆ ಇಷ್ಟು ದಿನ ಬಳ್ಳಾರೀಲಿ ನಾಟಕ ಹೆಂಗೆ ನಡೀತು ಅಂತ ಕೇಳಬಹುದು. ದಾನಿಗಳಿಂದ ನಡೀತು. ನಾಟಕ ಬರೆದು ಆಡಿಸಿದ ಧರ್ಮವರಂ ರಾಮಕೃಷ್ಣಮಾಚಾರ್ಯರು, ಕೋಲಾಚಲಂ ಶ್ರೀನಿವಾಸರಾಯರು, ಆಮೇಲೆ ನಟ ಬಳ್ಳಾರಿ ರಾಘವ, ಮೂರೂ ಜನ ವಕೀಲರು ಅನ್ನೋದನ್ನ ಯೋಚನೆ ಮಾಡ್ರಿ. ಧರ್ಮವರಂ ಅವ್ರದ್ದು ಸರಸ ವಿನೋದಿನಿ ಸಭಾ, ಕೋಲಾಚಲಂ ಅವ್ರದ್ದು ಸುಮನೋರಮಾ ಸಭಾ, ಇಡೀ ತೆಲುಗು ರಂಗಭೂಮಿಗೆ ದಾರಿ ತೋರಿಸಿದ ಎರಡು ಸಂಸ್ಥೆ ಇದೇ ಊರಲ್ಲಿ ಹುಟ್ಟಿದ್ದು. 1880ರಲ್ಲಿ ಹುಟ್ಟಿದ ರಾಘವರು ಕನ್ನಡ, ತೆಲುಗು ಎರಡರಲ್ಲೂ ಬಣ್ಣ ಹಚ್ಚಿದ್ರು, 1928ರಲ್ಲಿ ಇಂಗ್ಲೆಂಡಿಗೂ ಹೋಗಿ ಅಲ್ಲಿನ ರಂಗಭೂಮಿ ನೋಡಿ ಬಂದ್ರು, ಹೆಣ್ಣಿನ ಪಾತ್ರ ಹೆಣ್ಣೇ ಮಾಡ್ಬೇಕು ಅಂತ ಆ ಕಾಲದಲ್ಲೇ ಹಟ ಹಿಡಿದು ಮನೆತನಸ್ಥ ಹೆಣ್ಣುಮಕ್ಕಳನ್ನ ರಂಗಕ್ಕೆ ತಂದ್ರು. ಅವ್ರಿಗೆಲ್ಲ ಕೋರ್ಟಿನ ಸಂಪಾದನೆ ಇತ್ತು, ಕಿಸೆಯಿಂದ ಹಾಕಿ ನಾಟಕ ಆಡಿದ್ರು. ಇವತ್ತು ರಂಗದ ಮೇಲೆ ಇರೋವ್ನು ಪೀಸ್ ಲೆಕ್ಕಕ್ಕೆ ಹೊಲಿಯೋ ಹುಡುಗ, ಅವನ ಕಿಸೇಲಿ ಏನಿರ್ತೈತೆ.

ಆಮೇಲೆ ಗಣಿ ಕಾಲ ಬಂತು. ಆಗ ಚಂದಾ ಕೇಳೋಕೆ ಹೋದ್ರೆ ಒಬ್ಬರೇ ಇಡೀ ನಾಟಕದ ಖರ್ಚು ಕೊಟ್ಟು ಕಳಿಸ್ತಿದ್ರು, ಸುಳ್ಳು ಹೇಳಲ್ಲ, ನಾವೂ ತಗೊಂಡಿದೀವಿ. ನಾಟಕದ ಮಧ್ಯೆ ಪರದೆ ಇಳಿಸಿ ಅರ್ಧ ತಾಸು ಸನ್ಮಾನ, ಭಾಷಣ, ಆಮೇಲೆ ಮತ್ತೆ ನಾಟಕ, ಅಷ್ಟರಲ್ಲಿ ದ್ರೌಪದಿ ಪಾತ್ರದವ್ರ ಬಣ್ಣ ಬೆವರಿಗೆ ಇಳಿದಿರ್ತಿತ್ತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರೀಲಿ ಅದಿರು ಗಣಿಗಾರಿಕೆ ನಿಲ್ಲಿಸ್ತಲ್ಲ, ಆ ವರ್ಷ ನಮ್ಮ ಚಂದಾ ಪುಸ್ತಕದಲ್ಲಿ ರಸೀದಿ ಹರಿದಿದ್ದು ಆರೇ ಆರು. ಲಾರಿ ನಿಂತವು, ನಾಟಕಾನೂ ನಿಂತವು. ಅದಿರಿಗೂ ಅಭಿಮನ್ಯುವಿಗೂ ಏನು ಸಂಬಂಧ ಅಂತ ಅವತ್ತು ರಾತ್ರಿ ಕೂತು ಬಹಳ ಹೊತ್ತು ಯೋಚನೆ ಮಾಡಿದ್ದೆ. ಒಬ್ರ ದೊಡ್ಡ ಮನಸ್ಸಿನ ಮೇಲೆ ನಿಂತಿದ್ದು ಅವ್ರ ಕಷ್ಟ ಬಂದಾಗ ಬಿದ್ದೇ ಬೀಳ್ತೈತೆ, ಅವ್ರನ್ನ ಬೈದು ಫಲ ಇಲ್ಲ.

ಊರಿನ ಆಡಳಿತವೇ ಕಲೆಗೆ ಆಸರೆ ಆಗೋದನ್ನ ಇನ್ನೊಂದು ಕಡೆ ಹೆಂಗೆ ಮಾಡ್ಯಾರೆ ಅಂತ ನಾನು ಕಣ್ಣಾರೆ ನೋಡಿದ್ದು ಹೇಳ್ತೀನಿ. ಮಗಳು ಅಳಿಯ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕಡೆ ಇದಾರೆ, ಬಾಣಂತನಕ್ಕೆ ಅಂತ ನಾವಿಬ್ರೂ ಹೋಗಿ ಆರು ತಿಂಗಳು ಇದ್ವಿ. ಸಂಜೆ ಸಮುದ್ರದ ದಂಡೆ ಕಡೆ ವಾಕಿಂಗ್ ಹೋದ್ರೆ ಫುಟ್‌ಪಾತ್‌ನಲ್ಲಿ ಸಣ್ಣ ಟೇಬಲ್ ಹಾಕ್ಕೊಂಡು ಬೆಳ್ಳಿ ತಂತಿ ಉಂಗುರ, ಚರ್ಮದ ಚೀಲ, ಚಿತ್ರ ಮಾರ್ತಾ ಕೂತಿರ್ತಾರೆ. ಪೊಲೀಸ್ನೋರು ಎಬ್ಬಿಸಲ್ವಾ ಅಂತ ಅಳಿಯನ್ನ ಕೇಳಿಸಿದೆ. ಒಬ್ಬ ವಯಸ್ಸಾದವ್ನು ನಕ್ಕು ಲೈಸೆನ್ಸ್ ತೋರಿಸ್ದ, ಅದನ್ನ ಕೊಟ್ಟಿದ್ದು ಆ ಸಿಟಿಯ ಆರ್ಟ್ಸ್ ಕಮಿಷನ್ನು. ಸುಮ್ನೆ ಕೊಡಲ್ಲ, ಕಸುಬು ಗೊತ್ತಿರೋವ್ರ ಒಂದು ಸಮಿತಿ ಮುಂದೆ ತಾನೇ ಕೈಯಾರೆ ಮಾಡಿದ್ದು ಅಂತ ತೋರಿಸ್ಬೇಕು, ಹೋಲ್‌ಸೇಲ್ ತಂದು ಮಾರೋನಿಗೆ ಸಿಗಲ್ಲ. ನನಗೆ ತಕ್ಷಣ ನೆನಪಾಗಿದ್ದು ನಮ್ಮ ಸಂಡೂರಿನ ಲಂಬಾಣಿ ಕಸೂತಿ ಹೆಣ್ಣುಮಕ್ಕಳು, ಕೊಪ್ಪಳದ ಕಿನ್ನಾಳದ ಗೊಂಬೆ ಮಾಡೋ ಚಿತ್ರಗಾರರು. ಎರಡಕ್ಕೂ ಜಿಐ ಟ್ಯಾಗ್, ಅಂದ್ರೆ ಇದು ಈ ಊರಿನದ್ದೇ ಕಸುಬು ಅನ್ನೋ ಸರ್ಕಾರಿ ಗುರುತು ಐತೆ, ಆದ್ರೆ ಬಳ್ಳಾರಿ ಪೇಟೇಲಿ ಅವ್ರು ಕೂತು ಮಾರೋಕೆ ಅಂತ ಒಂದು ಗೇಣು ಜಾಗ ಗುರುತು ಮಾಡಿಲ್ಲ.

ಆ ಕಮಿಷನ್ ಬಗ್ಗೆ ಆಮೇಲೆ ಅಳಿಯನ ಹತ್ರ ಕೇಳಿ ಕೇಳಿ ತಿಳ್ಕೊಂಡೆ. 1932ರಿಂದ ಐತಂತೆ, ಊರಿನ ಚಾರ್ಟರ್ ಅನ್ನೋ ಮೂಲ ಕಾನೂನಲ್ಲೇ ಬರೆದಿರೋದು, ಅಂದ್ರೆ ಮೇಯರ್ ಬದಲಾದ್ರೂ ಅದು ಹೋಗಲ್ಲ. ಹದಿನೈದು ಜನ ಸದಸ್ಯರು, ಮೇಯರ್ ನೇಮಿಸ್ತಾರೆ, ಆದ್ರೆ ಹೆಚ್ಚಿನವ್ರು ಕಲೆಯಲ್ಲೇ ಕೆಲಸ ಮಾಡೋವ್ರು ಇರ್ಬೇಕು, ನಾಟಕ ಸಂಗೀತದವ್ರು, ಚಿತ್ರಕಾರರು, ಬರಹಗಾರರು, ವಾಸ್ತುಶಿಲ್ಪಿಗಳು. 1961ರಿಂದ ಹೋಟೆಲ್ ರೂಮ್ ಮೇಲಿನ ತೆರಿಗೇಲಿ ಒಂದು ಭಾಗ ಕಲಾ ತಂಡಗಳಿಗೆ ಹೋಗ್ತಾ ಬಂದೈತೆ, ಅದು ಸಡಿಲ ಆಗ್ತೈತೆ ಅಂತ 2018ರಲ್ಲಿ ಜನಾನೇ ಓಟು ಹಾಕಿ ಇಷ್ಟು ಪಾಲು ಕಲೆಗೇ ಅಂತ ಕಟ್ಟಿಹಾಕಿದ್ರು. ಇನ್ನೊಂದು ನನಗೆ ಬಹಳ ಹಿಡಿಸಿದ್ದು, ಸಿಟಿಯವ್ರು ಯಾವುದೇ ಸಾರ್ವಜನಿಕ ಕಟ್ಟಡ ಕಟ್ಟಿದ್ರೂ ನಿರ್ಮಾಣ ವೆಚ್ಚದ ನೂರಕ್ಕೆ 2 ಭಾಗ ಅಲ್ಲಿ ಇಡೋ ಕಲಾಕೃತಿಗೆ ಅಂತ 1969ರಿಂದ ಕಾನೂನು. ನಾವು ಇಳಿದ ವಿಮಾನ ನಿಲ್ದಾಣದಲ್ಲಿ ಗೋಡೆ ತುಂಬಾ ಚಿತ್ರ, ಶಿಲ್ಪ ಇದ್ದದ್ದು ಯಾಕೆ ಅಂತ ಆಗ ಅರ್ಥ ಆಯ್ತು. ಅಲ್ಲೂ ಎಲ್ಲಾ ಸುಸೂತ್ರ ಅಂತ ಹೇಳೋಕೆ ಬರಲ್ಲ, ಕೋವಿಡ್‌ನಲ್ಲಿ ಹೋಟೆಲ್ ಖಾಲಿ ಬಿದ್ದಾಗ ತೆರಿಗೇನೂ ಬಿತ್ತು, ಕಲೆಯ ದುಡ್ಡೂ ಬಿತ್ತು. ನಮ್ಮ ಗಣಿ ಕತೆ ಥರಾನೇ. ಅದಕ್ಕೇ ನಾನು ಹೇಳೋದು, ಇಲ್ಲಿ ಮಾಡೋದಾದ್ರೆ ವರ್ಷ ವರ್ಷ ಬರೋ ಆಸ್ತಿ ತೆರಿಗೆಗೆ ಗಂಟು ಹಾಕ್ರಿ, ಏರೋದು ಇಳಿಯೋದಕ್ಕೆ ಬೇಡ.

ಅವ್ರು ಶ್ರೀಮಂತರು, ನಮಗೂ ಅವ್ರಿಗೂ ಎಲ್ಲಿಯ ಹೋಲಿಕೆ ಅಂತ ನನ್ನ ಹೆಂಡತೀನೇ ಹೇಳಿದ್ಲು. ಮೊತ್ತ ಹೋಲಿಸ್ತಾ ಇಲ್ಲ ನಾನು. ನಮ್ಮ ಪಾಲಿಕೆ ಸ್ವಂತ ಆದಾಯದಲ್ಲಿ ನೂರಕ್ಕೆ ಒಂದು ರೂಪಾಯಿ ತೆಗೆದಿಡ್ಲಿ, ಹೊಸ ಕರ ಹಾಕೋದು ಬೇಡ, ಈಗ ಬರೋದರಲ್ಲೇ ಒಂದು. ಅಷ್ಟೂ ಆಗಲ್ಲ ಅಂದ್ರೆ ಮೊದಲ ವರ್ಷ ಅರ್ಧ ರೂಪಾಯಿ. ಆದ್ರೆ ಬರವಣಿಗೇಲಿ ಇರ್ಲಿ, ಕೌನ್ಸಿಲ್ ಸಭೇಲಿ ಠರಾವು ಆಗ್ಲಿ, ಮುಂದಿನ ವರ್ಷ ಬೇರೆ ಮೇಯರ್, ಬೇರೆ ಕಮಿಷನರ್ ಬಂದ್ರೂ ಹಂಗೇ ಮುಂದುವರೀಲಿ. ಮತ್ತೆ ಒಪ್ಪಿದ ಮೊತ್ತದ ಅರ್ಧ ಪರದೆ ಏಳೋಕೆ ಮುಂಚೆ ಬರ್ಲಿ, ಉಳಿದ ಅರ್ಧ ಒಂದು ತಿಂಗಳ ಒಳಗೆ, ಸಣ್ಣ ತಂಡಗಳಿಗೆ ಜಿಎಸ್‌ಟಿ ಬಿಲ್ ಬದಲು ಕಲಾವಿದರ ಸಹಿ ಇರೋ ವೋಚರ್, ಬ್ಯಾಂಕ್ ಖಾತೆಗೆ ನೇರ ಜಮಾ ಸಾಕು ಅಂತ ಮಾಡ್ಲಿ. ಮೇಕಪ್ ಮಾಸ್ತರ ಹೆಂಡತಿಯ ಓಲೆ ನನ್ನ ಕಣ್ಣ ಮುಂದಿಂದ ಹೋಗ್ತಿಲ್ಲ, ಅದಕ್ಕೆ ಇದನ್ನ ಒತ್ತಿ ಒತ್ತಿ ಹೇಳ್ತಿದೀನಿ.

ದುಡ್ಡಿಗಿಂತ ಸುಲಭದ್ದು ಇನ್ನೊಂದೈತೆ, ಜಾಗ. 39 ವಾರ್ಡ್ ಅದಾವೆ ಬಳ್ಳಾರೀಲಿ, ಸಮುದಾಯ ಭವನಗಳು ಎಷ್ಟೋ ಕಡೆ ಮದುವೆ ಸೀಸನ್ ಬಿಟ್ರೆ ಬೀಗ ಹಾಕಿರ್ತಾವೆ. ನಾವು ತಾಲೀಮು ಮಾಡೋದು ಒಂದು ಗೋಡೌನ್ ಹಿಂದಿನ ಶೆಡ್‌ನಲ್ಲಿ, ಬೇಸಿಗೇಲಿ ರಾತ್ರಿ ಹತ್ತಾದ್ರೂ ತಗಡು ಕಾವು ಇಳಿಯಲ್ಲ, ಬಳ್ಳಾರಿ ಬಿಸಿಲು ನಿಮಗೆ ಗೊತ್ತೇ ಐತೆ. ಹಾರ್ಮೋನಿಯಂ ಆ ಕಾವಿಗೆ ಮರ ಬಿರುಕು ಬಿಟ್ಟು ನಾಲ್ಕು ಮನೆ ಸ್ವರಾನೇ ಬರಲ್ಲ, ಗಾಳಿ ಸೋರ್ತೈತೆ, ಒಳಗೆ ಬಟ್ಟೆ ತುಂಡು ಅಂಟಿಸಿ ನಡೆಸ್ತಿದೀನಿ. ವಾರಕ್ಕೆ ಮೂರು ರಾತ್ರಿ, ಎಂಟರಿಂದ ಹನ್ನೊಂದು, ಒಂದು ಸಮುದಾಯ ಭವನದ ಬೀಗ ತೆಗೆಸಿ ಕೊಟ್ರೆ ಕರೆಂಟ್ ಬಿಲ್ ನಾವೇ ಕಟ್ತೀವಿ. ಇದಕ್ಕೆ ಬಜೆಟ್ಟೂ ಬೇಡ, ಒಂದು ಆದೇಶ ಸಾಕು.

ಊರಿಗೆ ನಲ್ಲಿ ನೀರು ದಿನಾ ಬರಲ್ಲ, ಇವ್ರಿಗೆ ನಾಟಕದ ಚಿಂತೆ ಅಂತ ಓದುಗರು ಬೈಬಹುದು. ಬೈಸ್ಕೋತೀನಿ, ಯಾಕಂದ್ರೆ ಕೊಡ ಇಟ್ಕೊಂಡು ಕಾಯೋದ್ರಲ್ಲಿ ನಾನೂ ಒಬ್ಬ, ನೀರು ಮೊದಲು ಅನ್ನೋದಕ್ಕೆ ಎರಡು ಮಾತಿಲ್ಲ. ಆದ್ರೆ ನೀರು ಬರೋ ತನಕ ಲೈಬ್ರರಿ ಮುಚ್ರಿ ಅಂತ ನಾವ್ಯಾರೂ ಹೇಳ್ಲಿಲ್ಲ. ಇನ್ನೊಂದು ಅನುಮಾನ ನನಗೂ ಐತೆ, ದುಡ್ಡು ಇಟ್ರೆ ಕಾರ್ಪೊರೇಟರ ಭಾವಮೈದನ ಆರ್ಕೆಸ್ಟ್ರಾಗೆ ಹೋದ್ರೆ ಏನು ಗತಿ. ಅದಕ್ಕೇ ಅರ್ಜಿ ನೋಡೋ ಸಮಿತೀಲಿ ಕಲಾವಿದರು ಹೆಚ್ಚಿರ್ಬೇಕು, ಅವ್ರ ತಂಡ ಆ ವರ್ಷ ಅರ್ಜಿ ಹಾಕಂಗಿಲ್ಲ, ಯಾರಿಗೆ ಎಷ್ಟು ಮಾರ್ಕ್ಸ್, ಎಷ್ಟು ದುಡ್ಡು ಅನ್ನೋದು ಪಾಲಿಕೆ ನೋಟಿಸ್ ಬೋರ್ಡಿಗೆ ಹಚ್ಚಬೇಕು. ಹಚ್ಚಿದ್ರೆ ಊರಿನವ್ರೇ ಕೇಳ್ತಾರೆ, ಬಳ್ಳಾರಿ ಜನ ಸುಮ್ನಿರೋರಲ್ಲ.

ಉತ್ಸವಗಳ ಬಗ್ಗೆ ಎರಡೇ ಮಾತು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆ ಆಗಿ ಹಂಪಿ, ಅದರ ಜೊತೆ ಹಂಪಿ ಉತ್ಸವ ಅತ್ತ ಹೋಯ್ತು, 2023ರ ಜನವರೀಲಿ ನಮ್ಮದೇ ಅಂತ ಬಳ್ಳಾರಿ ಉತ್ಸವ ಆಯ್ತು, ನಾನೂ ಹೋಗಿದ್ದೆ, ಸಂತೋಷಪಟ್ಟಿದ್ದೆ. ಆದ್ರೆ ಕಲಾವಿದ ವರ್ಷದ 365 ದಿನ ಬದುಕ್ಬೇಕು.

ಯಾರನ್ನ ಕಳ್ಕೊಂಡಿದೀವಿ ಅನ್ನೋದನ್ನಾದ್ರೂ ಒಂದ್ಸಲ ನೆನೆಸಿಕೊಳ್ರಿ. ಬುರ್ರಕಥಾ ಅಂತ ಕತೆಯನ್ನ ಹಾಡಿ ಹೇಳೋ ಕಲೆಯ ದರೋಜಿ ಈರಮ್ಮ 2014ರಲ್ಲಿ ಹೋದ್ರು, ಓದು ಬರಹ ಇಲ್ಲದ ಆ ತಾಯಿ ನಾಲಿಗೆ ಮೇಲೆ ಹನ್ನೆರಡು ಮಹಾಕಾವ್ಯ ಇದ್ದವು, ಹಂಪಿ ವಿಶ್ವವಿದ್ಯಾಲಯ ನಾಡೋಜ ಕೊಟ್ಟು ಗೌರವಿಸಿತ್ತು. ರಂಗನಟಿ ಸುಭದ್ರಮ್ಮ ಮನ್ಸೂರು 2020ರಲ್ಲಿ ಹೋದ್ರು. ತೊಗಲು ಗೊಂಬೆಯ ಬೆಳಗಲ್ಲು ವೀರಣ್ಣನವ್ರು 2023ರ ಏಪ್ರಿಲ್‌ನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ್ರು, ತೊಂಬತ್ತು ದಾಟಿದ್ರೂ ಓಡಾಡ್ತಾನೇ ಇದ್ದ ಜೀವ. ಅದೇ ತೊಗಲು ಗೊಂಬೆ ಆಡಿಸೋ ಪಕ್ಕದ ಕೊಪ್ಪಳದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವ್ರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ವಯಸ್ಸು 96. ಪ್ರಶಸ್ತಿ ಬಂದ ದಿನ ಎಲ್ರೂ ಫೋಟೋ ಹಾಕಿದ್ವಿ, ನಾನೂ ವಾಟ್ಸಾಪ್‌ನಲ್ಲಿ ಹಾಕಿದ್ದೆ. ಆ ಗೊಂಬೆ ಕುಣಿಸೋದನ್ನ ಕಲಿಯೋಕೆ ಇಪ್ಪತ್ತರ ಹುಡುಗ ಬಂದ್ರೆ ಎರಡು ವರ್ಷ ಅವನ ಊಟಕ್ಕೆ ಯಾರು ನೋಡ್ಕೋತಾರೆ ಅಂತ ನಾನು ಆಗ ಯೋಚನೆ ಮಾಡಿರ್ಲಿಲ್ಲ. ಪಾಲಿಕೆ ಇಡೋ ದುಡ್ಡಲ್ಲಿ ಒಂದು ಪಾಲು ಹಿಂಗೆ ಕಲಿಯೋ ಮಕ್ಕಳ ತಿಂಗಳ ಖರ್ಚಿಗೆ ಹೋಗ್ಲಿ, ವರ್ಷಕ್ಕೆ ಐದೇ ಮಕ್ಕಳಾದ್ರೂ ಸರಿ.

ನಾವು ಅರ್ಜಿ ಟೈಪ್ ಮಾಡಿಸಿದೀವಿ, ನಮ್ಮ ತಂಡದ ಎಲ್ರೂ ಸಹಿ ಹಾಕ್ಯಾರೆ, ಬಜೆಟ್ ಸಲಹಾ ಸಭೆ ದಿನ ಹೋಗಿ ಕೊಡ್ತೀವಿ. ಬರೀ ನಮ್ಮೊಬ್ರದ್ದಾದ್ರೆ ನಡೆಯಲ್ಲ. ಊರಿನ ಬಯಲಾಟದವ್ರು, ಭಜನಾ ಮಂಡಳಿಯವ್ರು, ತಬಲ ಕ್ಲಾಸ್ ನಡೆಸೋವ್ರು, ಗೋಡೆ ಮೇಲೆ ಚಿತ್ರ ಬರೆಯೋ ಹುಡುಗರು ಅವತ್ತು ದಯವಿಟ್ಟು ಬರ್ರಿ, ಬರುವಾಗ ಹೋದ ವರ್ಷದ ಖರ್ಚು ಬರೆದಿಟ್ಟ ನೋಟ್‌ಬುಕ್ ತಗೊಂಡು ಬರ್ರಿ, ಎಷ್ಟು ಬೇಕು ಅಂತ ಕೇಳೇ ಕೇಳ್ತಾರೆ.

ಇಂತಿ,
ಒಬ್ಬ ಹಾರ್ಮೋನಿಯಂ ವಾದಕ, ಕೌಲ್ ಬಜಾರ್, ಬಳ್ಳಾರಿ